ಗೆಜ್ಜೆ, ಮಣಿ ಮತ್ತು ನನ್ನ ಕುದುರೆ ಹುಚ್ಚು

ಸೋದರಿಯರೇ, ಮದುವೆಗೆ ಮುಂಚೆ ನಿಮಗೆ ಯಾವುದರ ಹುಚ್ಚಿತ್ತು? ಒಂದು ಗಳಿಗೆ ಒಲೆ ಸಣ್ಣಗೆ ಮಾಡಿ ಯೋಚಿಸಿ ನೋಡಿ. ಕೆಲವರಿಗೆ ಹಾಡು, ಕೆಲವರಿಗೆ ರಂಗೋಲಿ, ಇನ್ನು ಕೆಲವರಿಗೆ ಮರ ಹತ್ತುವುದು. ನನಗೆ ಎರಡು ಹುಚ್ಚು. ಒಂದು ಕುದುರೆ, ಇನ್ನೊಂದು ಮಣಿ ಪೋಣಿಸುವುದು. ಎರಡರಿಂದಲೂ ಹೊಟ್ಟೆ ತುಂಬುವುದಿಲ್ಲವೆಂದು ನಮ್ಮ ಮನೆಯಲ್ಲಿ ದೊಡ್ಡವರೆಲ್ಲ ಹೇಳಿದ್ದರು. ಅವರ ಮಾತನ್ನು ನಾನೂ ನಂಬಿದ್ದೆ.

ಇವತ್ತು ನನ್ನ ಮಗಳ ಕಾಲೇಜಿನ ಫೀಜು ಈ ಎರಡು ಹುಚ್ಚಿನಿಂದಲೇ ಬರುತ್ತಿದೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ನಾನು ಓದಿರುವುದು ಎಸ್ಸೆಸ್ಸೆಲ್ಸಿ. ಅಂಗಡಿ ಇಲ್ಲ, ಬೋರ್ಡು ಇಲ್ಲ. ನಡುಮನೆಯ ಕಿಟಕಿಯ ಕೆಳಗೆ ಒಂದು ಮಣೆ, ಒಂದು ಹಳೇ ಹೊಲಿಗೆ ಯಂತ್ರ, ಹತ್ತಾರು ಡಬ್ಬಿ, ಇಷ್ಟೇ ನನ್ನ ಕಾರ್ಖಾನೆ. ಇದು ಹೇಗಾಯಿತು, ಎಲ್ಲಿ ಎಡವಿದೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ. ನಿಮ್ಮಲ್ಲಿ ಒಬ್ಬರಿಗಾದರೂ ಉಪಯೋಗವಾದೀತು.

ಮೋತಿಯ ಕೊರಳಿಗೆ ಒಂದು ಸರ

ನನ್ನ ತವರು ಶ್ರೀರಂಗಪಟ್ಟಣ. ನಾನು ಚಿಕ್ಕವಳಾಗಿದ್ದಾಗ, ಅಂದರೆ 1980ರ ದಶಕದ ಕೊನೆಯಲ್ಲಿ, ರೈಲಿನಲ್ಲಿ ಬಸ್ಸಿನಲ್ಲಿ ಬಂದಿಳಿಯುವವರನ್ನು ರಂಗನಾಥಸ್ವಾಮಿ ದೇವಸ್ಥಾನ, ದರಿಯಾ ದೌಲತ್, ಗುಂಬಜ್, ಸಂಗಮ ಎಂದು ಸುತ್ತಿಸಿಕೊಂಡು ಬರಲು ಜಟಕಾಗಳು ಸಾಲಾಗಿ ನಿಂತಿರುತ್ತಿದ್ದವು. ನಮ್ಮ ಹಿಂದಿನ ಬೀದಿಯಲ್ಲಿ ಜಟಕಾ ಹೊಡೆಯುವ ಒಬ್ಬ ವಯಸ್ಸಾದ ಸಾಹೇಬರಿದ್ದರು. ಬೀದಿಯ ಮಕ್ಕಳಿಗೆಲ್ಲ ಅವರು ತಾತ. ಅವರ ಹೆಣ್ಣು ಕುದುರೆಯ ಹೆಸರು ಮೋತಿ.

ಸ್ಕೂಲು ಬಿಟ್ಟ ಕೂಡಲೇ ನಾನು ಮೋತಿಯ ಹತ್ತಿರ ಓಡುತ್ತಿದ್ದೆ. ಅದಕ್ಕೆ ಹುರುಳಿ ಬೇಯಿಸಿ ಆರಿಸಿ ಕೊಡುವುದು, ಗೊರಸಿನ ಸಂದಿಯಿಂದ ಕಲ್ಲು ತೆಗೆಯುವುದು, ಲಾಳ ಕಟ್ಟುವುದು ಎಲ್ಲವನ್ನೂ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದೆ. ತಾತ ಮೊದಲು ಕಲಿಸಿದ್ದು ಒಂದೇ ಪಾಠ. "ಬೇಟಿ, ಹಿಂದಿನಿಂದ ಬರಬೇಡ, ನೇರ ಮುಂದಿನಿಂದಲೂ ಬರಬೇಡ, ಭುಜದ ಪಕ್ಕದಿಂದ ಬಾ." ಕುದುರೆಗೆ ಕಣ್ಣು ಮುಖದ ಎರಡು ಪಕ್ಕದಲ್ಲಿದೆಯಲ್ಲವೆ? ಸುತ್ತಲೂ ಕಾಣುತ್ತದೆ, ಆದರೆ ಹಣೆಯ ನೇರ ಮುಂದಿರುವುದೂ ಬಾಲದ ಹಿಂದಿರುವುದೂ ಕಾಣುವುದಿಲ್ಲ. ಕಾಣದ ಕಡೆಯಿಂದ ಕೈ ಬಂದರೆ ಹೆದರುತ್ತದೆ.

ಇನ್ನೊಂದು ಹುಚ್ಚು ಅಜ್ಜಿಯಿಂದ ಬಂದದ್ದು. ಬೀದಿಯಲ್ಲಿ ಯಾರ ಕರಿಮಣಿ ಹರಿದರೂ ನಮ್ಮ ಅಜ್ಜಿಯ ಮಡಿಲಿಗೇ ಬಂದು ಬೀಳುತ್ತಿತ್ತು. ಮೊರದಲ್ಲಿ ಬಿಳೀ ಬಟ್ಟೆ ಹಾಸಿ, ಕರಿಮಣಿ, ಹವಳ, ಚಿನ್ನದ ಗುಂಡು ಬೇರೆ ಬೇರೆ ಮಾಡಿ, ದಾರಕ್ಕೆ ಜೇನುಮೇಣ ಉಜ್ಜಿ ಪೋಣಿಸಿ ಕೊಡುತ್ತಿದ್ದರು. ಕೂಲಿ ಎಂದರೆ ಎರಡು ವೀಳ್ಯದೆಲೆ, ಒಂದು ಅಡಿಕೆ. ದುಡ್ಡು ಕೊಡಲು ಬಂದರೆ, "ತಾಳಿ ಪೋಣಿಸೋಕೆ ದುಡ್ಡು ಇಸ್ಕೊಳ್ಳೋದುಂಟೇ?" ಎನ್ನುತ್ತಿದ್ದರು. ಅಜ್ಜಿಯ ಈ ಮಾತು ಮುಂದೆ ನನ್ನನ್ನು ಎಷ್ಟು ಕಾಡಿತು ಎಂಬುದನ್ನು ಆಮೇಲೆ ಹೇಳುತ್ತೇನೆ.

ಒಂದು ಸಲ ಒಡೆದ ಬಳೆ ಚೂರು, ಹರಿದ ಸರಗಳ ಮಣಿ ಕೂಡಿಹಾಕಿ ಮೋತಿಗೆ ಒಂದು ಸರ ಮಾಡಿದೆ. ತಾತ ಅದನ್ನು ಕೈಯಲ್ಲಿ ಹಿಡಿದು ಬೆರಳಿಂದ ಸವರಿ, ಬಳೆ ಚೂರನ್ನೆಲ್ಲ ಒಂದೊಂದಾಗಿ ಕಿತ್ತುಹಾಕಿ, ಉಳಿದದ್ದನ್ನು ಕಟ್ಟಿದರು. ನನಗೆ ಅಳು ಬಂತು. ಯಾಕೆ ಕಿತ್ತರು ಎಂದು ತಿಳಿಯಲು ಇಪ್ಪತ್ತೈದು ವರ್ಷ ಬೇಕಾಯಿತು. ಮೋತಿ ಎಂದರೆ ಮುತ್ತು ಎಂದು ಅವತ್ತೇ ತಾತ ಹೇಳಿದ್ದು. ನಾನು ದೊಡ್ಡವಳಾದ ಮೇಲೆ ಆ ಬೀದಿಗೆ ಹೋಗುವುದನ್ನು ಮನೆಯಲ್ಲಿ ನಿಲ್ಲಿಸಿದರು. "ಹೆಣ್ಣು ಹುಡುಗಿಗೆ ಕುದುರೆ ಲಾಯದಲ್ಲಿ ಏನು ಕೆಲಸ?" ಅಲ್ಲಿಗೆ ಆ ಅಧ್ಯಾಯ ಮುಗಿಯಿತು ಎಂದುಕೊಂಡೆ.

ನಮ್ಮ ಸೀಮೆಯಲ್ಲಿ ಎರಡೂ ಇದೆ

ಒಂದು ಮಾತು ಇಲ್ಲಿ ಹೇಳಲೇಬೇಕು. ಕುದುರೆಗೂ ಒಡವೆಗೂ ಏನು ಸಂಬಂಧ ಎಂದು ನಗುವವರು ನಮ್ಮ ಸೀಮೆಯನ್ನು ಕಣ್ಣಿಟ್ಟು ನೋಡಿಲ್ಲ ಎನ್ನಬೇಕು.

ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣವನ್ನು ಪಡೆದ ಮೇಲೆ ಅಲ್ಲಿಯೇ ದಸರಾ ಆರಂಭಿಸಿದರು. ಆ ಕಾಲದ ಅಲಮೇಲಮ್ಮನ ಕಥೆ ನಿಮಗೆ ಗೊತ್ತೇ ಇದೆ. ಒಡವೆಗಾಗಿ ಬೆನ್ನಟ್ಟಿಸಿಕೊಂಡು ಕಾವೇರಿಗೆ ಹಾರಿದವಳು, ತಲಕಾಡು ಮರಳಾಗಲಿ ಎಂದು ಶಾಪ ಕೊಟ್ಟವಳು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ವರ್ಷಕ್ಕೊಂದು ರಾತ್ರಿ ಚೆಲುವನಾರಾಯಣನಿಗೆ ವೈರಮುಡಿ ಧರಿಸುತ್ತಾರೆ. ವಜ್ರದ ಆ ಕಿರೀಟ ಮಂಡ್ಯದ ಖಜಾನೆಯಿಂದ ಪೊಲೀಸರ ಕಾವಲಿನಲ್ಲಿ ಬರುತ್ತದೆ. ದಾರಿಯ ಊರುಗಳಲ್ಲಿ ಜನ ಆರತಿ ಹಿಡಿದು ಕಾದಿರುತ್ತಾರೆ.

ಕುದುರೆಯ ಮಾತಿಗೆ ಬಂದರೆ, ನಾಗಮಂಗಲದ ಪಕ್ಕದ ಕುಣಿಗಲ್ಲಿನಲ್ಲಿ ಟಿಪ್ಪುವಿನ ಕಾಲದಿಂದ ಬಂದದ್ದೆಂದು ಹೇಳುವ ಕುದುರೆ ಫಾರಂ ಇತ್ತು. ಮೊದಲು ಸೈನ್ಯಕ್ಕೆ, ಆಮೇಲೆ ರೇಸಿಗೆ ಅಲ್ಲಿ ಕುದುರೆ ಬೆಳೆಸಿದರು. ನಮ್ಮ ಮೈಸೂರು ಲ್ಯಾನ್ಸರ್ಸ್ ಸವಾರರು ಜೋಧಪುರದವರ ಜೊತೆಗೂಡಿ 1918ರ ಸೆಪ್ಟೆಂಬರ್ 23ರಂದು ದೂರದ ಹೈಫಾ ಪಟ್ಟಣವನ್ನು ಕುದುರೆ ಮೇಲೇ ಗೆದ್ದರು. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂವರು ಸವಾರರಲ್ಲಿ ಒಬ್ಬ ಮೈಸೂರಿನವನು.

ನಾನು ಮದುವೆಯಾಗಿ ಬಂದ ಊರು ಕೆ.ಆರ್. ಪೇಟೆ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಹೊಸಹೊಳಲು ಇದೆ. ಅಲ್ಲಿಯ ಲಕ್ಷ್ಮೀನಾರಾಯಣ ದೇವಸ್ಥಾನ ಹೊಯ್ಸಳರದು, 13ನೇ ಶತಮಾನದ್ದು. ಗೋಡೆಯ ತಳದಲ್ಲಿ ಮೊದಲು ಆನೆಗಳ ಸಾಲು, ಅದರ ಮೇಲೆ ಕುದುರೆ ಸವಾರರ ಸಾಲು, ಆಮೇಲೆ ಬಳ್ಳಿ, ಪುರಾಣದ ಕಥೆಗಳು, ಮಕರ, ಹಂಸ. ಆ ಕುದುರೆಗಳ ಕೊರಳನ್ನು ಹತ್ತಿರದಿಂದ ನೋಡಿ. ಸರ, ಪಟ್ಟಿ, ಗೆಜ್ಜೆ! ತಲೆಯೆತ್ತಿದರೆ ದೇವಿಯರ ಮೈಮೇಲೂ ಸರ, ಪಟ್ಟಿ, ಗೆಜ್ಜೆ. ಮದುವೆಯಾದ ಹೊಸದರಲ್ಲಿ ಅತ್ತೆಯ ಜೊತೆ ದೇವಸ್ಥಾನಕ್ಕೆ ಹೋಗಿ, ದೇವರನ್ನು ಬಿಟ್ಟು ಗೋಡೆ ನೋಡುತ್ತಾ ನಿಂತು ಬೈಸಿಕೊಂಡಿದ್ದೇನೆ.

ಹೇಮಗಿರಿ ಜಾತ್ರೆಯಲ್ಲಿ ಹುಟ್ಟಿದ ಆಸೆ

ಹದಿಮೂರು ವರ್ಷ ಸಂಸಾರವೇ ಸಂಸಾರ. 2014ರಲ್ಲಿ ರಥಸಪ್ತಮಿ ಸಮಯಕ್ಕೆ ಹೇಮಗಿರಿ ದನಗಳ ಜಾತ್ರೆಗೆ ಹೋಗಿದ್ದೆವು. ಮಾವನವರು ಎತ್ತು ನೋಡುತ್ತಿದ್ದರು. ನಾನು ದನದ ಸಾಮಾನಿನ ಅಂಗಡಿಗಳ ಮುಂದೆ ನಿಂತುಬಿಟ್ಟೆ. ಕೊರಳಗೆಜ್ಜೆ, ಹಣೆಪಟ್ಟಿ, ಕವಡೆ ಸರ, ಮೂಗುದಾರ. ಹತ್ತಿ ನೂಲಿನ ಜಾಗದಲ್ಲಿ ಪ್ಲಾಸ್ಟಿಕ್ ಹಗ್ಗ, ಹಿತ್ತಾಳೆ ಜಾಗದಲ್ಲಿ ತಗಡು. ಪಕ್ಕದಲ್ಲಿ ಒಬ್ಬ ಹುಡುಗ ಕುದುರೆಗೆ ಹಣೆಪಟ್ಟಿ ಕೇಳುತ್ತಿದ್ದ. ಅಂಗಡಿಯವರು ಎತ್ತಿನದನ್ನೇ ಕತ್ತರಿಸಿ ಕೊಡುತ್ತೇವೆ ಎಂದರು. ನನ್ನ ಬಾಯಿಂದ ಮಾತು ತಾನೇ ಬಂತು. "ನಾನು ಮಾಡಿಕೊಡ್ತೀನಪ್ಪ, ಎಷ್ಟಗಲ ಬೇಕು?"

ಅತ್ತೆ ದಾರಿಯುದ್ದಕ್ಕೂ ಮಾತಾಡಲಿಲ್ಲ. ಮನೆಗೆ ಬಂದ ಮೇಲೆ, "ಅಲ್ಲ ಕಣವ್ವ, ದನ ಕುದುರೆ ಕಟ್ಟೋರ ತಾವ ಯಾಪಾರ ಮಾಡೋದು ನಮ್ಮ ಮನೇಲಿ ಯಾವ ಕಾಲಕ್ಕಾದ್ರೂ ಇತ್ತಾ?" ಎಂದರು. ನಾನು ಸುಮ್ಮನಿದ್ದೆ. ನಮ್ಮೆಜಮಾನರು ಮಾತ್ರ, "ಒಂದು ಮಾಡು, ನೋಡೋಣ" ಎಂದರು. ಚೀಟಿ ಎತ್ತಿದ ದುಡ್ಡಿನಲ್ಲಿ 3,500 ರೂಪಾಯಿ ಇತ್ತು. ಮೈಸೂರಿಗೆ ಹೋಗಿ ಗಾಜಿನ ಮಣಿ, ನೈಲಾನ್ ದಾರ, ತಗಡಿನ ಗೆಜ್ಜೆ ತಂದೆ. ಇವೇ ಮೂರು ಮುಂದೆ ನನಗೆ ಮುಳುವಾದವು.

ಮೊದಲನೆಯ ಹಣೆಪಟ್ಟಿಯನ್ನು 350 ರೂಪಾಯಿಗೆ ಕೊಟ್ಟೆ. ಸಾಮಾನಿಗೆ ಖರ್ಚಾಗಿದ್ದು 310. ನಲವತ್ತು ರೂಪಾಯಿ ಲಾಭವೆಂದು ಕುಣಿದಾಡಿದೆ. ಎರಡೂವರೆ ದಿನದ ಕೂಲಿಯನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಮನೆಯಲ್ಲಿ ಕೂತು ಮಾಡಿದ ಕೆಲಸಕ್ಕೆ ಕೂಲಿ ಉಂಟೇ? ಅಜ್ಜಿಯ ಎರಡು ವೀಳ್ಯದೆಲೆ ನನ್ನ ತಲೆಯಲ್ಲಿ ಇನ್ನೂ ಕೂತಿತ್ತು!

ಪಾಂಡವಪುರದ ಆ ಮೆರವಣಿಗೆ

ಒಬ್ಬರಿಂದ ಒಬ್ಬರಿಗೆ ಸುದ್ದಿ ಹೋಗಿ, ಮದುವೆಗೆ ಸಾರೋಟು ಬಾಡಿಗೆ ಕೊಡುವವರು ಒಂದಿಬ್ಬರು ಬಂದರು. 2015ರ ಬೇಸಿಗೆಯಲ್ಲಿ ಪಾಂಡವಪುರದ ಒಬ್ಬರಿಗೆ ಅವರ ಬಿಳಿ ಹೆಣ್ಣು ಕುದುರೆಗೆಂದು ಎದೆಯವರೆಗೆ ಇಳಿಯುವ ಐದೆಳೆಯ ಸರ, ಹಣೆಪಟ್ಟಿ ಮಾಡಿಕೊಟ್ಟೆ. ಮದುವೆಯವರು ನಮ್ಮ ದೂರದ ನೆಂಟರೇ. ನನ್ನ ಕೈಕೆಲಸ ನೋಡಲೆಂದು ನಾನೂ ಮೆರವಣಿಗೆಯಲ್ಲಿದ್ದೆ.

ಓಲಗ, ಪಟಾಕಿ, ದೀಪ. ಕುದುರೆ ನೊಣ ಓಡಿಸಲು ತಲೆ ಕೊಡವಿತು. ಸರದ ಒಂದೆಳೆ ಲಗಾಮಿನ ಬಕಲಿಗೆ ಸಿಕ್ಕಿಕೊಂಡಿತು. ಮತ್ತೆ ಕೊಡವಿದಾಗ ನೈಲಾನ್ ದಾರ ಹರಿದು, ಮಣಿಯೆಲ್ಲಾ ಡಾಂಬರು ರಸ್ತೆಯ ಮೇಲೆ ಸುರಿದುಹೋಯಿತು. ಗಾಜು ಗೊರಸಿನ ಕೆಳಗೆ ಪಟಪಟನೆ ಒಡೆಯಿತು. ಆ ಸದ್ದಿಗೆ ಬೆದರಿ ಪಕ್ಕಕ್ಕೆ ಹಾರಿದ ಕುದುರೆ ಮಣಿಯ ಮೇಲೆ ಕಾಲು ಜಾರಿ ಮುಂಗಾಲು ಮಡಿಸಿ ಬಿತ್ತು. ಸಾರೋಟಿನಲ್ಲಿ ಮದುವಣಿಗನ ಪಕ್ಕ ಒಂದು ಪುಟ್ಟ ಮಗು ಕೂತಿತ್ತು. ದೇವರು ದೊಡ್ಡವನು, ಜನರಿಗೆ ಏನೂ ಆಗಲಿಲ್ಲ. ಕುದುರೆಯ ಎರಡು ಮಂಡಿಯೂ ತರಚಿ ರಕ್ತ ಸುರಿಯಿತು.

ಆ ರಾತ್ರಿ ನಾನು ಊಟ ಮಾಡಲಿಲ್ಲ. ಹನ್ನೆರಡು ದಿನ ಕುದುರೆ ಕೆಲಸಕ್ಕೆ ಹೋಗಲಿಲ್ಲ, ಅದೂ ಲಗ್ನದ ಕಾಲದಲ್ಲಿ. ಅಷ್ಟು ಹೊತ್ತಿಗೆ ಕೂಡಿಟ್ಟಿದ್ದ 3,000 ರೂಪಾಯಿಯನ್ನೂ ತೆಗೆದುಕೊಂಡು ಹೋಗಿ ಯಜಮಾನರ ಕೈಗಿಟ್ಟೆ. ಅವರು ಬೈಯಲಿಲ್ಲ. "ಅಕ್ಕಾ, ನೀವು ಕೂತು ಫೋಟೋ ತೆಗೆಸಿಕೊಳ್ಳೋ ಮದುಮಗಳಿಗೆ ಮಾಡಿದೀರಿ. ಇದು ಮೈ ಬಗ್ಗಿಸಿ ದುಡಿಯೋ ಪ್ರಾಣಿ" ಎಂದರು, ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು.

ದಿನ ಬಿಟ್ಟು ದಿನ ಹುರುಳಿ ಕಟ್ಟಿಕೊಂಡು ಬಸ್ಸಿನಲ್ಲಿ ಹೋಗಿ ಕುದುರೆಯನ್ನು ನೋಡಿ ಬರುತ್ತಿದ್ದೆ. ಮೂರನೆಯ ಸಲ ಹೋದಾಗ ಅದರ ಹಣೆ ಸವರಿದೆ. ಕೈಗೆ ಕೂದಲು ಸಿಗಲಿಲ್ಲ. ಕಿವಿಯ ಕೆಳಗೆ, ನನ್ನ ಹಣೆಪಟ್ಟಿ ಕೂರುತ್ತಿದ್ದ ಜಾಗದಲ್ಲಿ ಒಂದು ಅಂಗುಲ ಅಗಲಕ್ಕೆ ಕೂದಲು ಉದುರಿ ಚರ್ಮ ಕೆಂಪಾಗಿತ್ತು. ತಗಡಿನ ಗೆಜ್ಜೆಯ ಅಂಚು ಒಂದು ತಿಂಗಳಿಂದ ಅಲ್ಲಿ ಉಜ್ಜುತ್ತಿತ್ತು. ಅದು ಯಾರಿಗೂ ಹೇಳಿರಲಿಲ್ಲ, ಹೇಳುವುದಾದರೂ ಹೇಗೆ? ಮೈಮೇಲೆ ನೊಣ ಕೂತರೆ ಆ ಜಾಗವನ್ನಷ್ಟೇ ಅದುರಿಸುವಷ್ಟು ಸೂಕ್ಷ್ಮದ ಚರ್ಮ ಕುದುರೆಯದು! ತಾತ ನನ್ನ ಬಳೆ ಚೂರುಗಳನ್ನು ಯಾಕೆ ಕಿತ್ತುಹಾಕಿದರೆಂದು ಅವತ್ತು ತಿಳಿಯಿತು.

ಈಗ ನಾನು ಮಾಡುವ ಬಗೆ

ಮನೆಯಲ್ಲಿ "ಬಿಟ್ಟುಬಿಡು" ಎಂದರು. ಬಿಡಲಿಲ್ಲ. ಸರಿಯಾಗಿ ಕಲಿತು ಮಾಡುತ್ತೇನೆಂದು ಆರು ತಿಂಗಳು ಏನೂ ಮಾರದೆ ಕಲಿತೆ. ಕಲಿತದ್ದು ಇಷ್ಟು:

1. ಅಳತೆ. ಹಣೆಪಟ್ಟಿಯನ್ನು ಒಂದು ಕಿವಿಯ ಬುಡದಿಂದ ಇನ್ನೊಂದು ಕಿವಿಯ ಬುಡದವರೆಗೆ ಅಳೆಯಬೇಕು. ನಮ್ಮ ಜಟಕಾ ಕುದುರೆಗಳಿಗೆ ಸಾಮಾನ್ಯವಾಗಿ 14ರಿಂದ 15 ಅಂಗುಲ. ಕಟ್ಟಿದ ಮೇಲೆ ಒಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು.

2. ಒಳಪದರ. ಮಣಿಯಾಗಲಿ ಗೆಜ್ಜೆಯಾಗಲಿ ಮೈಗೆ ತಾಗಬಾರದು. ಒಳಗೆ ಮೆತ್ತನೆಯ ಚರ್ಮ ಅಥವಾ ಬನಾತು ಹೊಲಿಯುತ್ತೇನೆ. ಹೊಲಿಗೆಯ ಗಂಟೆಲ್ಲ ಹೊರಮಗ್ಗುಲಿಗೆ.

3. ದಾರ. ನೈಲಾನ್ ಚರ್ಮವನ್ನು ಕೊಯ್ಯುತ್ತದೆ. ಬರೀ ಹತ್ತಿ ನೂಲು ಬೆವರಿಗೆ ಕೊಳೆಯುತ್ತದೆ. ದಪ್ಪ ಹತ್ತಿ ನೂಲಿಗೆ ಜೇನುಮೇಣ ಉಜ್ಜಿದರೆ ಎರಡೂ ತೊಂದರೆ ಇಲ್ಲ. ಅಜ್ಜಿ ಮಾಡುತ್ತಿದ್ದುದೂ ಇದನ್ನೇ.

4. ಮಣಿಗೊಂದು ಗಂಟು. ಪ್ರತಿ ಮಣಿಯಾದ ಮೇಲೂ ಒಂದು ಗಂಟು ಹಾಕಬೇಕು. ಸರ ಹರಿದರೂ ಒಂದು ಮಣಿ ಬಿದ್ದೀತೇ ಹೊರತು ರಸ್ತೆಯ ತುಂಬ ಸುರಿಯುವುದಿಲ್ಲ. ಒಳ್ಳೆಯ ಮುತ್ತಿನ ಸರವನ್ನೂ ಹೀಗೆಯೇ ಪೋಣಿಸುತ್ತಾರೆ.

5. ಬಿಡುವ ಗಂಟು. ಸರದ ಒಂದು ಕಡೆ ಬೇಕೆಂದೇ ತೆಳು ನೂಲಿನ ಒಂದು ಗಂಟು ಇಡುತ್ತೇನೆ. ಎಲ್ಲಾದರೂ ಸಿಕ್ಕಿಕೊಂಡು ಎಳೆದರೆ ಅಲ್ಲಿ ಮಾತ್ರ ಬಿಟ್ಟುಕೊಳ್ಳುತ್ತದೆ. ಕುದುರೆಯ ಕತ್ತು ಉಳಿಯುತ್ತದೆ, ಸರವೂ ಉಳಿಯುತ್ತದೆ.

6. ಗೆಜ್ಜೆ. ತಗಡಿನದು ಬೇಡವೇ ಬೇಡ. ಎರಕದ್ದೇ ಆಗಬೇಕು. ಕಣ್ಣಿನ ಹತ್ತಿರ ಕನ್ನಡಿ ಚೂರು, ಮಿಂಚುವ ಬಿಲ್ಲೆ ಹಾಕುವುದಿಲ್ಲ, ಬೆಳಕು ಹೊಡೆದರೆ ಬೆದರುತ್ತದೆ.

ಎರಕದ ಗೆಜ್ಜೆಗೆ ನಮಗೆ ದೂರ ಹೋಗಬೇಕಾಗಿಲ್ಲ. ನಾಗಮಂಗಲ ಕಂಚು, ಹಿತ್ತಾಳೆ ಎರಕಕ್ಕೆ ಹೆಸರಾದ ಊರು. ಮೇಣದ ಎರಕದಲ್ಲಿ ಗೆಜ್ಜೆ ಮಾಡುವ ಬಗೆ ಕೇಳಿದರೆ ನಿಮಗೂ ಆಶ್ಚರ್ಯವಾದೀತು. ಚಿಕ್ಕ ಕಬ್ಬಿಣದ ಗುಂಡನ್ನು ಮಣ್ಣಿನ ಉಂಡೆಯೊಳಗಿಟ್ಟು, ಅದರ ಮೇಲೆ ಮೇಣದಿಂದ ಗೆಜ್ಜೆಯ ಆಕಾರ ಮಾಡಿ, ಹೊರಗೆ ನಯವಾದ ಮಣ್ಣು ಮೆತ್ತುತ್ತಾರೆ. ಕಾಯಿಸಿದರೆ ಮೇಣ ಕರಗಿ ಹೋಗಿ ಟೊಳ್ಳು ಉಳಿಯುತ್ತದೆ. ಆ ಜಾಗಕ್ಕೆ ಕರಗಿದ ಲೋಹ ಹೊಯ್ಯುತ್ತಾರೆ. ಆರಿದ ಮೇಲೆ ಹೊರಗಿನ ಮಣ್ಣು ಒಡೆದು, ಒಳಗಿನ ಮಣ್ಣು ಕೆದರಿ ತೆಗೆದರೆ ಗುಂಡು ಒಳಗೇ ಉಳಿದು ಘಲ್ ಎನ್ನುತ್ತದೆ. ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಿಸಿಕೊಂಡು, ಕೆನ್ನೆಗೆ ಒತ್ತಿ ನೋಡಿಯೇ ನಾನು ಗೆಜ್ಜೆ ಕೊಳ್ಳುವುದು.

ಕಾನೂನಿನ ಮಾತೂ ತಿಳಿದಿರಲಿ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಕೆಳಗೆ 1965ರಲ್ಲಿ ಬಂದ ನಿಯಮಗಳ ಪ್ರಕಾರ ಗಾಡಿ ಎಳೆಯುವ ಪ್ರಾಣಿಗೆ ಮುಳ್ಳು, ಮೊನೆ, ಚೂಪು ಇರುವ ಕಡಿವಾಣ, ಸಜ್ಜು ಹಾಕುವಂತಿಲ್ಲ. ಗಿರಾಕಿ ಚಂದಕ್ಕೆ ಕೇಳಿದರೂ ನಾವು ಮಾಡಿಕೊಡಬಾರದು.

ನಾವೂ ಬಾಯಿಬಿಟ್ಟು ಹೇಳುವುದಿಲ್ಲ

ಕುದುರೆಯ ಹಣೆಪಟ್ಟಿಯ ಅಳತೆಯೂ ನಮ್ಮ ಕತ್ತಿಗೆ ಅಂಟಿದಂತೆ ಕೂರುವ ನೆಕ್ಲೇಸಿನ ಅಳತೆಯೂ ಹೆಚ್ಚುಕಡಿಮೆ ಒಂದೇ ಎಂಬುದು ನನಗೆ ಹೊಳೆದದ್ದು ತಮಾಷೆಯಾಗಿ. ಮಗಳು ಸ್ಕೂಲ್ ಡೇಗೆ ಏನೂ ಸಿಗದೆ ಒಂದು ಹಣೆಪಟ್ಟಿಯ ಮಣಿಸಾಲನ್ನೇ ಕತ್ತಿಗೆ ಕಟ್ಟಿಕೊಂಡು ಹೋದಳು. ಮರುದಿನ ಅವಳ ಇಬ್ಬರು ಟೀಚರುಗಳು ಕೇಳಿ ಕಳಿಸಿದರು! ಅಲ್ಲಿಂದ ಹೆಂಗಸರ ಸರ ಶುರುವಾಯಿತು.

ಇದು ಬೇಕೂ ಆಗಿತ್ತು. ಕುದುರೆಯೊಂದನ್ನೇ ನಂಬಿದರೆ ಆಗದು. ಜಾನುವಾರು ಗಣತಿಯ ಪ್ರಕಾರ 2012ರಲ್ಲಿ ದೇಶದಲ್ಲಿ ಆರು ಲಕ್ಷಕ್ಕೂ ಮೇಲಿದ್ದ ಕುದುರೆ, ತಟ್ಟುಗಳು 2019ರ ಹೊತ್ತಿಗೆ 3.4 ಲಕ್ಷಕ್ಕೆ ಇಳಿದಿದ್ದವು. 2020ರ ಲಾಕ್‌ಡೌನಿನಲ್ಲಿ ಸಾರೋಟೂ ಇಲ್ಲ, ಜಾತ್ರೆಯೂ ಇಲ್ಲ. ನಮ್ಮೆಜಮಾನರು ಕೆಲಸಕ್ಕಿದ್ದ ಕಡೆಯೂ ಸಂಬಳ ನಿಂತಿತು. ಆಗ ನನ್ನ ಕೈಯಲ್ಲಿದ್ದ ಎರಡು ಬಳೆ ಗಿರವಿಗೆ ಹೋದವು. ಬಿಡಿಸಿಕೊಂಡದ್ದು ಎರಡು ವರ್ಷದ ಮೇಲೆ, ಕರಿಮಣಿ ಸರ ಪೋಣಿಸಿದ ದುಡ್ಡಿನಲ್ಲಿ.

ಇಲ್ಲೂ ಒಂದು ಪೆಟ್ಟು ತಿಂದೆ. ನಾಗಮಂಗಲದ ಒಬ್ಬ ಹುಡುಗಿ ತನ್ನ ಮದುವೆಗೆ ನನ್ನಿಂದ ಸರ, ಜುಮುಕಿ ಕೊಂಡಳು. ತಿಂಗಳಾದ ಮೇಲೆ ಸಿಕ್ಕಾಗ ಅವಳ ಕತ್ತಿನ ಹಿಂದೆ ಕಪ್ಪು ಕಲೆ. ಕೊಕ್ಕೆಯ ಲೋಹದಲ್ಲಿ ನಿಕಲ್ ಇತ್ತು, ಬೆವರಿಗೆ ಸೇರಿ ಕೆರೆದು ಗುಳ್ಳೆ ಎದ್ದಿತ್ತು. "ಅವತ್ತೇ ತೆಗೆದು ಹಾಕಬಾರದಿತ್ತೇನಮ್ಮ?" ಎಂದೆ. "ಮೂರು ದಿನದ ಮದುವೆಮನೆಯಲ್ಲಿ ಕತ್ತಿಂದ ಹೆಂಗೆ ತೆಗೆಯೋದಕ್ಕ? ಏನಾದ್ರೂ ಅಂದ್ಕೋತಾರೆ" ಎಂದಳು.

ನನಗೆ ಬಿಳಿ ಕುದುರೆಯ ಹಣೆ ನೆನಪಾಯಿತು. ಸೋದರಿಯರೇ, ಉಜ್ಜುತ್ತಿದೆ, ಉರಿಯುತ್ತಿದೆ ಎಂದು ಹೇಳಲು ನಮಗೆ ಬಾಯಿದೆ. ಆದರೂ ನಾವು ಹೇಳುವುದಿಲ್ಲ. ಅಂದಿನಿಂದ ಕೊಕ್ಕೆಗೆ ನಿಕಲ್ ಇಲ್ಲದ ಲೋಹವನ್ನೇ ಕೇಳಿ ತರುತ್ತೇನೆ. ಸೂಕ್ಷ್ಮ ಚರ್ಮದವರಿಗೆ ಲೋಹವೇ ಬೇಡವೆಂದು ರೇಷ್ಮೆ ದಾರದ ಕುಣಿಕೆ, ಗುಂಡಿ ಹಾಕಿಕೊಡುತ್ತೇನೆ. ಕಿವಿಯೋಲೆ ಕಡ್ಡಿಗೆ ಬೆಳ್ಳಿ ಕೇಳಿದರೆ ಅದೂ ಉಂಟು. ಹೊಸ ಸರ ಕೊಂಡವರಿಗೆ ನನ್ನದೊಂದೇ ಷರತ್ತು: ಮೊದಲ ದಿನ ಎರಡು ಗಂಟೆ ಮಾತ್ರ ಹಾಕಿಕೊಳ್ಳಿ, ಕೆರೆತವಾದರೆ ನಾಚಿಕೆಪಡದೆ ವಾಪಸು ತನ್ನಿ.

ಲೆಕ್ಕದ ಪುಸ್ತಕ

ನೀವೂ ಏನಾದರೂ ಶುರುಮಾಡುವ ಹಾಗಿದ್ದರೆ ಈ ಭಾಗವನ್ನು ಎರಡು ಸಲ ಓದಿ. ನಾನು ನಲವತ್ತು ರೂಪಾಯಿ ಲಾಭವೆಂದು ಕುಣಿದ ಅದೇ ಹಣೆಪಟ್ಟಿಯ ಲೆಕ್ಕ, ಅವತ್ತಿನ ಸಾಮಾನಿನ ಬೆಲೆಗೇ, ಸರಿಯಾಗಿ ಹಾಕಿದರೆ ಹೀಗಿರಬೇಕಿತ್ತು:

ಮಣಿ 110, ಗೆಜ್ಜೆ 126, ಒಳಪದರ 60, ನೂಲು ಮೇಣ 14, ಒಟ್ಟು 310. ಕೂಲಿ, ಕೈ ಪಳಗಿದ ಮೇಲೆ ಆರು ಗಂಟೆ, ಗಂಟೆಗೆ 60ರಂತೆ 360. ಓಡಾಟ, ಒಡೆದು ಹೋದ ಮಣಿಗೆ 30. ಇಲ್ಲಿಗೆ 700. ಮುಂದಿನ ಸಾಮಾನು ತರಲು, ಕೆಟ್ಟ ತಿಂಗಳಿಗೆ ಇರಲಿ ಎಂದು 100. ಮಾರುವ ಬೆಲೆ 800. ಮೊದಲ ಸಲ 800 ಎಂದು ಹೇಳುವಾಗ ನನ್ನ ನಾಲಗೆ ತಡವರಿಸಿತು. ಗಿರಾಕಿ ಹಿಂದೆಮುಂದೆ ನೋಡದೆ ಕೊಟ್ಟರು!

ಅಜ್ಜಿಯ ಮಾತಿಗೂ ಒಂದು ದಾರಿ ಮಾಡಿಕೊಂಡಿದ್ದೇನೆ. ತಾಳಿ ಪೋಣಿಸಲು ಇವತ್ತಿಗೂ ದುಡ್ಡು ಮುಟ್ಟುವುದಿಲ್ಲ, ಎರಡು ವೀಳ್ಯದೆಲೆಯೇ. ಉಳಿದ ಎಲ್ಲಕ್ಕೂ ಕೂಲಿ ಉಂಟು, ನೆಂಟರಿಗೂ ಸಹ.

ಇನ್ನು ಕೆಲವು ಮಾತು:

ಕಾಲ ತಿಳಿದು ಕೆಲಸ ಮಾಡಿ. ಆಷಾಢ, ಪಿತೃಪಕ್ಷ, ಧನುರ್ಮಾಸದಲ್ಲಿ ಮದುವೆಯಿಲ್ಲ, ವ್ಯಾಪಾರವೂ ಇಲ್ಲ. ಆಗ ಪೋಣಿಸಿ ಇಡಬೇಕು. ಸಂಕ್ರಾಂತಿಗೆ ಕಿಚ್ಚು ಹಾಯಿಸುವ ದನಗಳಿಗೆ, ರಥಸಪ್ತಮಿಗೆ ಹೇಮಗಿರಿ, ಶಿವರಾತ್ರಿ ಸಮಯಕ್ಕೆ ಬೇಬಿ ಬೆಟ್ಟದ ದನಗಳ ಜಾತ್ರೆ, ಆಮೇಲೆ ಯುಗಾದಿ, ಲಗ್ನಗಳು, ಕೊನೆಗೆ ದಸರಾ. ವರ್ಷಕ್ಕೆ ಇದೇ ನನ್ನ ಪಂಚಾಂಗ.

ಚಿನ್ನದ ಬಣ್ಣದ್ದನ್ನು ಚಿನ್ನವೆಂದು ಎಂದೂ ಹೇಳಬೇಡಿ. 2025ರಲ್ಲಿ 10 ಗ್ರಾಂ ಚಿನ್ನ ಒಂದು ಲಕ್ಷ ರೂಪಾಯಿ ದಾಟಿದ ಮೇಲೆ ಮಣಿ ಸರ ಕೇಳುವವರು ಹೆಚ್ಚಾಗಿದ್ದಾರೆ, ಮೋಸ ಮಾಡುವವರೂ ಹೆಚ್ಚಾಗಿದ್ದಾರೆ. ಗಿರಾಕಿಯ ಚಿನ್ನದ ಗುಂಡು, ತಾಳಿ ಪೋಣಿಸಲು ಬಂದರೆ ಅವರ ಎದುರಿಗೇ ಎಣಿಸಿ, ತೂಗಿ, ಚೀಟಿ ಬರೆದು ಸಹಿ ಮಾಡಿಸಿ. ಆದಷ್ಟೂ ಅವರ ಮುಂದೆ ಕೂತೇ ಪೋಣಿಸಿ ಕೊಟ್ಟುಬಿಡಿ. ರಾತ್ರಿ ಇನ್ನೊಬ್ಬರ ಚಿನ್ನ ಮನೆಯಲ್ಲಿಟ್ಟುಕೊಂಡು ನಿದ್ದೆಗೆಡಬೇಡಿ.

ಸಾಲದ ವಿಷಯ. ಬಡ್ಡಿ ವ್ಯಾಪಾರದವರ ಹತ್ತಿರ ಹೋಗಬೇಡಿ. ಊರಿನ ಸ್ತ್ರೀಶಕ್ತಿ ಸಂಘದಲ್ಲಿ ಉಳಿತಾಯ ಮಾಡಿ, ಅಲ್ಲಿಂದಲೇ ಚಿಕ್ಕ ಸಾಲ ತೆಗೆದು ತೀರಿಸಿದರೆ ಬ್ಯಾಂಕಿನವರಿಗೂ ನಂಬಿಕೆ ಬರುತ್ತದೆ. ಹೆಸರು ನೋಂದಾಯಿಸಲು 'ಉದ್ಯಮ್' ನೋಂದಣಿ ಇದೆ, ಅದಕ್ಕೆ ಸರಕಾರದ ಶುಲ್ಕ ಏನೂ ಇಲ್ಲ. ಮಾಡಿಸಿಕೊಡುತ್ತೇನೆಂದು ಸಾವಿರಾರು ಕೇಳುವವರನ್ನು ನಂಬಬೇಡಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನನಗಾದ ದೊಡ್ಡ ಉಳಿತಾಯ ಬಸ್ ಚಾರ್ಜಿನದು. ಮೈಸೂರಿಗೂ ನಾಗಮಂಗಲಕ್ಕೂ ಸಾಮಾನು ತರಲು ಹೋಗಿ ಬರುವುದು ಹಗುರವಾಯಿತು.

ಎಷ್ಟು ಸಿಗುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಒಳ್ಳೆಯ ತಿಂಗಳಲ್ಲಿ ಖರ್ಚು ಕಳೆದು ಒಂಬತ್ತು, ಹತ್ತು ಸಾವಿರ. ಆಷಾಢದಲ್ಲಿ ಕೆಲವು ಸಲ ಒಂಬೈನೂರೂ ಇಲ್ಲ. ಇದರಿಂದ ಬಂಗಲೆ ಕಟ್ಟಲಾಗದು. ಆದರೆ ಮಗಳು ಪುಸ್ತಕಕ್ಕೆ ದುಡ್ಡು ಕೇಳಿದಾಗ ನಾನು ಇನ್ನೊಬ್ಬರ ಮುಖ ನೋಡುವುದಿಲ್ಲ. ಆ ಸುಖ ಹೇಳಿ ತಿಳಿಯುವುದಲ್ಲ.

ಅತ್ತೆಯ ಡಬ್ಬಿ

ಅತ್ತೆಯ ಮಾತು ಮರೆತೆನೆಂದುಕೊಳ್ಳಬೇಡಿ. ಈಗ ಅವರಿಗೆ ಎಪ್ಪತ್ತೆಂಟು. ಕಣ್ಣು ಮಂಜಾಗಿದೆ, ಬೆರಳು ಮಾತ್ರ ಚುರುಕು. ಮಧ್ಯಾಹ್ನ ಊಟವಾದ ಮೇಲೆ ಒಂದು ಡಬ್ಬಿ ಮಡಿಲಲ್ಲಿಟ್ಟುಕೊಂಡು, ಬೆರಳಿಂದಲೇ ಸವರಿ, ಚೂಪು ಇರುವ ಮಣಿ ಗೆಜ್ಜೆಗಳನ್ನು ಬೇರೆ ತೆಗೆದಿಡುತ್ತಾರೆ. ನನ್ನ ಕಣ್ಣಿಗೆ ತಪ್ಪಿಸಿಕೊಂಡದ್ದು ಅವರ ಬೆರಳಿಗೆ ಸಿಗುತ್ತದೆ. ಹೋದ ವಾರ ಸಾರೋಟಿನವರು ಬಂದು ಗೆಜ್ಜೆ ಸರ ಬೇಗ ಬೇಕೆಂದು ಅವಸರ ಮಾಡಿದರು. ಒಳಗಿನಿಂದ ಅತ್ತೆಯ ದನಿ ಬಂತು. "ಇರಪ್ಪ, ಇನ್ನೂ ಸವರಿ ನೋಡಿಲ್ಲ. ಅದ್ಕೆ ನೋವಾದ್ರೆ ನಿನ್ ತಾವ ಬಂದು ಹೇಳ್ತದಾ?"

ಪಾಂಡವಪುರದ ಆ ಬಿಳಿ ಕುದುರೆಗೆ ಈಗ ವಯಸ್ಸಾಯಿತು. ಸಾರೋಟಿಗೆ ಕಟ್ಟುವುದಿಲ್ಲ, ಯಜಮಾನರ ತೋಟದಲ್ಲಿ ಮೇಯ್ದುಕೊಂಡಿದೆ. ಹಣೆಯಲ್ಲಿ ಕೂದಲು ಮತ್ತೆ ಬಂದಿದೆ, ಮಂಡಿಯ ಗಾಯದ ಗುರುತು ಹೋಗಿಲ್ಲ. ಆ ಕಡೆ ಹೋದಾಗಲೆಲ್ಲ ಒಂದು ಹಿಡಿ ಹುರುಳಿ ತೆಗೆದುಕೊಂಡು, ಭುಜದ ಪಕ್ಕದಿಂದ ಹೋಗಿ ಮಾತಾಡಿಸಿಕೊಂಡು ಬರುತ್ತೇನೆ.

ಇನ್ನು ನಿಮ್ಮ ಸರದಿ. ಟ್ರಂಕಿನ ತಳದಲ್ಲೋ ಅಟ್ಟದ ಮೇಲೋ ಇಟ್ಟು ಮರೆತ ನಿಮ್ಮ ಹುಚ್ಚು ಯಾವುದು? ಕ್ರೋಶಾ ಕಡ್ಡಿಯೋ, ಹಾಡಿನ ನೋಟುಬುಕ್ಕೋ? ತೆಗೆದು ಧೂಳು ಕೊಡವಿ ಪತ್ರಿಕೆಗೆ ಬರೆದು ಕಳಿಸಿ. ಎಡವಿದ್ದನ್ನೂ ಬರೆಯಿರಿ. ನಾನಂತೂ ಓದಲು ಕಾದಿರುತ್ತೇನೆ.